ಶೇಷಶಾಕ ಮುಖಲೇಪ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮೊದಲು ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಓದಲು ಅಧಿಕಾರಿ ಯಾರು, ಇವುಗಳ ನಡುವಿನ ಸಂಬಂಧವೇನು. ಪ್ರಕೃತ ಗ್ರಂಥದ ವಿಷಯ, ವಸಂತದ ಸೊಪ್ಪನ್ನೂ ಕಡಲಕಳೆಯನ್ನೂ ಮನೆಯಲ್ಲೇ ಅರೆದು ಮುಖಕ್ಕೆ ಬಳಿದುಕೊಳ್ಳುವ ಹಸಿರು ಲೇಪ. ಅಧಿಕಾರಿಗಳು, ಥಾಣೆಯಿಂದ ಡೊಂಬಿವಲಿಯ ಮೂಲಕ ಕಲ್ಯಾಣದವರೆಗೆ, ಖಾಡಿಯಾಚೆ ನವಿ ಮುಂಬಯಿಯ ಸಮಸ್ತ ಸೆಕ್ಟರುಗಳಲ್ಲಿ, ಒಂದು ಮಿಕ್ಸರು ಹಾಗೂ ಒಂದು ಫ್ರಿಜ್ಜಿನೊಂದಿಗೆ ಸಂಸಾರ ಹೂಡಿರುವ ಕನ್ನಡಿಗರು. ಪ್ರಯೋಜನ ಮುಖಕಾಂತಿ ಎಂದು ಲೋಕ ನಂಬಿದೆ. ತಕರಾರಿರುವುದು ನಾಲ್ಕನೆಯದಾದ ಸಂಬಂಧದಲ್ಲಿ. ಸೊಪ್ಪಿಗೂ ಮುಖಕ್ಕೂ ಇರುವುದು ಪೋಷಕ-ಪೋಷ್ಯ ಸಂಬಂಧವೆಂದು ಸೌಂದರ್ಯವಾದಿಗಳು ಹೇಳುತ್ತಾರೆ. ಅದು ನಿರಾಶ್ರಿತ-ಆಶ್ರಯದಾತ ಸಂಬಂಧವೆಂದು ಸಾಧಿಸುವುದೇ ಈ ಮೀಮಾಂಸೆಯ ಉದ್ದೇಶ. ಸಂಕ್ಷೇಪವಾಗಿ ಹೇಳುವುದಾದರೆ, ಮುಖಕ್ಕೆ ಯಾವ ಸೊಪ್ಪು ಹಚ್ಚಬೇಕೆಂಬುದನ್ನು ಚರ್ಮ ನಿರ್ಧರಿಸಿದ ಉದಾಹರಣೆ ಇಲ್ಲ. ನಿರ್ಧರಿಸುವುದು ಫ್ರಿಜ್ಜಿನ ಕೆಳಗಿನ ಡ್ರಾಯರು.

ಮೊದಲು ಪ್ರತ್ಯಕ್ಷ ಪ್ರಮಾಣ. ನಾಸಿಕ್, ಪುಣೆ ಕಡೆಯಿಂದ ಲಾರಿಗಳಲ್ಲಿ ಬಂದ ಮೆಂತ್ಯ, ಪಾಲಕ್, ಕೊತ್ತಂಬರಿಗಳು ವಾಶಿಯ ಎಪಿಎಂಸಿಯಲ್ಲೋ ಕಲ್ಯಾಣದ ಮಾರುಕಟ್ಟೆಯಲ್ಲೋ ಇಳಿದು, ಕೈಯಿಂದ ಕೈಗೆ ದಾಟಿ, ಸಂಜೆಯ ಹೊತ್ತಿಗೆ ಸ್ಟೇಷನ್ನುಗಳ ಹೊರಗೆ ಅರೆಜೀವವಾಗಿ ಕುಳಿತಿರುತ್ತವೆ. ಲೋಕಲ್ ಇಳಿದು ಬಂದವರಿಗೆ ಬೇಕಾದದ್ದು ಒಂದು ಕಟ್ಟು. ಗೋಣಿ ಮಡಚಿ ಮನೆಗೆ ಹೊರಟ ಮಾರುವವಳಿಗೆ ದಾಟಿಸಬೇಕಾದದ್ದು ಮೂರು. ಈ ವ್ಯವಹಾರದಲ್ಲಿ ಗೆಲ್ಲುವವರು ಯಾರೆಂದು ತರ್ಕಶಾಸ್ತ್ರ ಹೇಳಬೇಕಾಗಿಲ್ಲ. ಮೇಲಿಂದ ಕೊಸರೆಂದು ಒಂದು ಹಿಡಿ ಕರಿಬೇವು ಬೇರೆ. ಒಂದು ಕಟ್ಟು ಪಲ್ಯವಾಗುತ್ತದೆ. ಎರಡನೆಯದನ್ನು ಮರುದಿನ ಹೆಂಗಸರ ಡಬ್ಬಿಯಲ್ಲಿ, ಮುಂಬ್ರಾ ದಾಟುವುದರೊಳಗೆ ಸೋಸಿ ಮುಗಿಸುವ ಸಂಕಲ್ಪವಿರುತ್ತದೆ. ಸೋಸಿದ ಸೊಪ್ಪು ಸೋಸದ ಸೊಪ್ಪಿಗಿಂತ ಬೇಗ ಬಾಡುತ್ತದೆ ಎಂಬ ಸಸ್ಯಧರ್ಮವನ್ನು ಆ ಸಂಕಲ್ಪ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಮೂರನೆಯ ಕಟ್ಟು ಡ್ರಾಯರಿನಲ್ಲಿ ಅಜ್ಞಾತವಾಸ ಮುಗಿಸಿ ಭಾನುವಾರ ಹೊರಬಂದಾಗ ತ್ರಿಶಂಕು ಸ್ಥಿತಿಯಲ್ಲಿರುತ್ತದೆ. ಸಾರಿಗೆ ಹಾಕಿದರೆ ಮನೆಯವರು ಮೂಸಿ ನೋಡುತ್ತಾರೆ, ಎಸೆದರೆ ಕೊಟ್ಟ ದುಡ್ಡು ಕಣ್ಣ ಮುಂದೆ ಬರುತ್ತದೆ. ಈ ಕ್ಷಣದಲ್ಲಿಯೇ ಮಿಕ್ಸರಿನ ಚಿಕ್ಕ ಜಾರು ಹೊರಬರುತ್ತದೆ, ಮೊಸರು ಮತ್ತು ಕಡಲೆಹಿಟ್ಟು ಸಾಕ್ಷಿಗಳಾಗಿ ನಿಲ್ಲುತ್ತವೆ. ಇದರಿಂದ ಪ್ರಬಂಧಕಾರ ಹೊಸೆದಿರುವ ಸೂತ್ರ ಹೀಗಿದೆ: ‘ಅಭೋಜ್ಯಾತ್ಯಾಜ್ಯಂ ಲೇಪ್ಯಮ್’. ತಿನ್ನಲೂ ಆಗದ, ಎಸೆಯಲೂ ಆಗದ ಪದಾರ್ಥವನ್ನು ಹಚ್ಚಿಕೊಳ್ಳತಕ್ಕದ್ದು.

ಸೂತ್ರಕ್ಕೆ ಅನ್ವಯದ ದೃಷ್ಟಾಂತ ಬೇಕಾದರೆ ವಸಂತದ ಮೊದಲ ದಿನವನ್ನೇ ನೋಡಬಹುದು. ನಮ್ಮ ಯುಗಾದಿಯೂ ಮರಾಠಿಯವರ ಗುಡಿ ಪಾಡ್ವವೂ ಒಂದೇ ದಿನ ಬರುವುದರಿಂದ ಈ ಊರುಗಳಲ್ಲಿ ಅಂದು ಬೇವಿನ ಸೊಪ್ಪಿಗೆ ಎರಡು ಪಂಗಡದ ಗಿರಾಕಿಗಳು. ಗುಡಿಯ ತುದಿಗೆ ಒಂದು ಟೊಂಗೆ ಸಾಕು. ಬೇವು-ಬೆಲ್ಲಕ್ಕೆ ಒಂದು ಚಿಟಿಕೆ ಎಲೆ ಸಾಕು, ಅದರಲ್ಲೂ ಮಕ್ಕಳು ಬೆಲ್ಲವನ್ನಷ್ಟೇ ಆರಿಸಿಕೊಳ್ಳುವುದರಿಂದ ಅರ್ಧ ಚಿಟಿಕೆ. ಆದರೆ ಬೇವನ್ನು ಚಿಟಿಕೆ ಲೆಕ್ಕದಲ್ಲಿ ಯಾರೂ ಮಾರುವುದಿಲ್ಲ. ಹಬ್ಬದ ಪೂಜೆಗೆ ಬಂದ ಸೊಪ್ಪು, ತಿಪ್ಪೆಗೆ ಹಾಕಿದರೆ ಪಾಪ. ಕಹಿ ಸೊಪ್ಪು, ಪಲ್ಯ ಮಾಡಿದರೆ ಸಂಸಾರ ಒಡೆಯುತ್ತದೆ. ಅಭೋಜ್ಯವೂ ಅತ್ಯಾಜ್ಯವೂ ಇಷ್ಟು ಪರಿಶುದ್ಧವಾಗಿ ಒಂದೆಡೆ ಸೇರಿದ ವಸ್ತು ಇನ್ನೊಂದಿಲ್ಲ. ಬಿದಿಗೆಯ ಬೆಳಿಗ್ಗೆ ಅರ್ಧ ಸೊಪ್ಪು ಸ್ನಾನದ ನೀರಿಗೂ ಉಳಿದರ್ಧ ಕೆನ್ನೆಗೂ ಹೋಗುವುದು ಮೊಡವೆಯ ಕಾರಣಕ್ಕೆ ಎನ್ನುವುದಾದರೆ, ಮೊಡವೆಗಳೆಲ್ಲ ಪಂಚಾಂಗ ನೋಡಿಕೊಂಡೇ ಏಳುತ್ತವೆ ಎಂದು ಒಪ್ಪಬೇಕಾಗುತ್ತದೆ.

ಅನ್ವಯಕ್ಕಿಂತ ವ್ಯತಿರೇಕ ಬಲವಾದದ್ದು. ಲೇಪಯೋಗ್ಯತೆ ಸೊಪ್ಪಿನ ಗುಣದಲ್ಲೇ ಇದ್ದಿದ್ದರೆ, ಮೊದಲ ಪೂಜೆ ಬಸಳೆಗೆ ಸಲ್ಲಬೇಕಿತ್ತು. ದಪ್ಪ ಎಲೆ, ಯಥೇಚ್ಛ ಲೋಳೆ, ಪೇಟೆಯ ಯಾವ ಜೆಲ್ಲಿಗೂ ಕಡಿಮೆ ಇಲ್ಲದ ಜಾರುಗುಣ. ಆದರೂ ಮಂಗಳೂರು ಸ್ಟೋರಿನಿಂದ ಬೆಲೆ ಕೊಟ್ಟು ತಂದ ಬಸಳೆ ಯಾವ ಕನ್ನಡತಿಯ ಹಣೆಗೂ ಏರಿದ್ದು ಕಾಣಿಸುವುದಿಲ್ಲ. ಹೆಸರುಕಾಳಿನೊಂದಿಗೋ ಸೀಗಡಿಯೊಂದಿಗೋ ಕುದಿದು ಅದು ಪೂರ್ತಿ ಮುಗಿಯುತ್ತದೆ. ಸಮುದ್ರ ಮೇಥಿಯೆಂದು ಮುಂಬಯಿಯಲ್ಲಿ ಮಾರುವ ಎಳೆ ಮೆಂತ್ಯವನ್ನು ತೆಗೆದುಕೊಳ್ಳಿ. ಕಡಲಂಚಿನ ಮರಳುನೆಲದಲ್ಲಿ ಬೆಳೆದು, ಬೇರಿನಲ್ಲಿ ಮರಳನ್ನೂ ಹೊತ್ತು ಬರುವ ಈ ಚಿಗುರಿನಲ್ಲಿ ಸೊಪ್ಪು, ಸಮುದ್ರ, ಸ್ಕ್ರಬ್ ಮೂರೂ ತ್ರಿವೇಣಿಯಂತೆ ಕೂಡಿವೆ. ಆದರೆ ಅದರ ಕಟ್ಟು ಎಷ್ಟು ಚಿಕ್ಕದೆಂದರೆ ಬಾಣಲೆಯಲ್ಲೇ ಕಣ್ಮರೆಯಾಗುತ್ತದೆ, ಮುಖಕ್ಕೆ ಉಳಿಯುವುದಿಲ್ಲ. ಮಳೆಗಾಲ ಹಿಡಿಯುತ್ತಲೇ ಮುರಬಾಡ, ಶಹಾಪುರ ಕಡೆಯ ಆದಿವಾಸಿ ಹೆಂಗಸರು ತಂದು ಮಾರುವ ಶೇವಳವೆಂಬ ಕಾಡುತರಕಾರಿಯದ್ದೂ ಇದೇ ಕಥೆ. ಅಪ್ಪಟ ನಿಸರ್ಗಜನ್ಯ, ರಾಸಾಯನಿಕ ಸೋಂಕಿಲ್ಲದ್ದು, ವರ್ಷಕ್ಕೆ ಕೆಲವೇ ವಾರ ಸಿಗುವಂಥದ್ದು, ಆದ್ದರಿಂದಲೇ ತುಟ್ಟಿ, ಆದ್ದರಿಂದಲೇ ಮುಖಕ್ಕೆ ನಿಷಿದ್ಧ. ಬೆಲೆ ಇಳಿದಂತೆ ಸೊಪ್ಪು ಹೊಟ್ಟೆಯಿಂದ ಮೇಲಕ್ಕೆ, ಮುಖದತ್ತ ಏರುತ್ತದೆ. ಆಷಾಢ-ಶ್ರಾವಣಗಳಲ್ಲಿ ಕೊತ್ತಂಬರಿ ತುಟ್ಟಿಯಾದಾಗ ಡೊಂಬಿವಲಿಯ ಮುಖಗಳು ಸಹಜ ವರ್ಣದಲ್ಲಿರುತ್ತವೆ, ಮಾಘ-ಫಾಲ್ಗುಣಗಳಲ್ಲಿ ಹಸಿರಾಗುತ್ತವೆ. ಹೀಗಾಗಿ ವಾಶಿಯ ಸಗಟು ಧಾರಣೆ ತಿಳಿಯಲು ಪತ್ರಿಕೆ ಬೇಕಾಗಿಲ್ಲ, ಭಾನುವಾರ ಬೆಳಿಗ್ಗೆ ಎದುರುಮನೆಯ ಬಾಗಿಲು ತಟ್ಟಿದರೆ ಸಾಕು.

ಇಲ್ಲಿ ಪೂರ್ವಪಕ್ಷದವರು ಕಡಲಕಳೆಯನ್ನು ಮುಂದೊಡ್ಡುತ್ತಾರೆ. ಅದು ಅಗ್ಗವಲ್ಲ, ಬಾಡುವುದಿಲ್ಲ, ಕೊಸರಾಗಿ ಬರುವುದಿಲ್ಲ. ಹಾಗಿದ್ದೂ ಮುಖಕ್ಕೇರುತ್ತದೆ, ಆದ್ದರಿಂದ ಸೂತ್ರ ಬಿದ್ದುಹೋಯಿತು ಎಂದು. ಆಕ್ಷೇಪ ಗಂಭೀರವಾದದ್ದು, ಆದರೆ ಕಪಾಟನ್ನು ತೆರೆಯದೆ ಎತ್ತಿದ್ದು. ನಮ್ಮ ಮನೆಗಳಿಗೆ ಕಡಲಕಳೆ ಬರುವುದು ಮುಖ್ಯವಾಗಿ ಚೀನಾ ಗ್ರಾಸ್, ಅಂದರೆ ಅಗರ್ ರೂಪದಲ್ಲಿ. ಮಗುವಿನ ಹುಟ್ಟುಹಬ್ಬದ ಪುಡ್ಡಿಂಗಿಗೆಂದು ತಂದ ಪೊಟ್ಟಣದಲ್ಲಿ ಅರ್ಧ ಉಳಿಯುತ್ತದೆ, ಮುಂದಿನ ಹುಟ್ಟುಹಬ್ಬದ ಹೊತ್ತಿಗೆ ಅದರ ಅವಧಿ ಮುಗಿಯುತ್ತ ಬಂದಿರುತ್ತದೆ. ನೋರಿ ಎಂಬ ಕಡಲಕಳೆಯ ಹಾಳೆಗಳು ಕೊರಿಯಾದ ಧಾರಾವಾಹಿ ನೋಡಿದ ಉತ್ಸಾಹದಲ್ಲಿ ನವಿ ಮುಂಬಯಿಯ ಮಾಲುಗಳಿಂದ ಬರುತ್ತವೆ. ಸಸ್ಯಾಹಾರಿಗಳು ಮೀನಿನ ವಾಸನೆಯೆಂದು ದೂರ ತಳ್ಳುತ್ತಾರೆ, ಮೊಗವೀರರು ಮೀನೇ ಇಲ್ಲವಲ್ಲ ಎಂದು ದೂರ ತಳ್ಳುತ್ತಾರೆ. ಇನ್ನು ಕಡಲಕಳೆಯ ಹೆಸರಲ್ಲಿ ಹಚ್ಚಿಕೊಳ್ಳುವ ಸ್ಪಿರುಲಿನಾ ಕಡಲಕಳೆಯೇ ಅಲ್ಲ, ಕ್ಷಾರೀಯ ನೀರಿನ ತೊಟ್ಟಿಗಳಲ್ಲಿ ಬೆಳೆಸುವ ನೀಲಿ-ಹಸಿರು ಸೂಕ್ಷ್ಮಜೀವಿ. ನುಂಗಲು ತಂದ ಗುಳಿಗೆ ನುಂಗಲಾಗದೆ ಉಳಿದದ್ದು. ಬಾಡುವುದೆಂದರೆ ಎಲೆ ಸುಕ್ಕಾಗುವುದಷ್ಟೇ ಅಲ್ಲ, ಪೊಟ್ಟಣದ ಮೇಲಿನ ತಾರೀಕು ಹತ್ತಿರವಾಗುವುದೂ ಬಾಡುವುದೇ ಎಂದು ವ್ಯಾಖ್ಯಾನಿಸಿದರೆ ಸೂತ್ರ ಕೂದಲೂ ಕೊಂಕದೆ ಉಳಿಯುತ್ತದೆ. ಪ್ರಯೋಗದ ತೊಡಕು ಬೇರೆಯೇ ಇದೆ. ಚೀನಾ ಗ್ರಾಸ್ ಸುಮಾರು 85 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗಿ, 35ರಿಂದ 40 ಡಿಗ್ರಿಗೆ ಇಳಿದಾಗ ಗಟ್ಟಿಯಾಗುತ್ತದೆ. ಕಲ್ಯಾಣದ ವೈಶಾಖದಲ್ಲಿ, ಅದೂ ಫ್ಯಾನ್ ನಿಂತ ಮಧ್ಯಾಹ್ನದಲ್ಲಿ, ಅದು ಮುಖದ ಮೇಲೆ ಗಟ್ಟಿಯಾಗಲು ಮೀನಮೇಷ ಎಣಿಸಿ, ಕೊನೆಗೆ ಕುತ್ತಿಗೆಯ ದಾರಿ ಹಿಡಿಯುತ್ತದೆ.

ಎರಡನೆಯ ಆಕ್ಷೇಪ ಪರಂಪರೆಯದು. ಉಡುಪಿ, ಕುಂದಾಪುರ, ಶಿರಸಿಗಳ ಅಜ್ಜಿಯಂದಿರು ದಾಸವಾಳದ ಎಲೆ ಕಿವುಚಿ ತಲೆಗೆ ಹಚ್ಚುತ್ತಿದ್ದರಲ್ಲ, ಅದೇನು ಫ್ರಿಜ್ಜಿನಿಂದ ಬಂದದ್ದೇ? ಬಂದದ್ದಲ್ಲ, ಬೇಲಿಯಿಂದ ಬಂದದ್ದು. ಆದರೆ ಬೇಲಿಯ ದಾಸವಾಳದ ಎಲೆ ಅಡುಗೆಗೆ ಒದಗುವಂಥದ್ದಲ್ಲ, ಸವರಿದ ಟೊಂಗೆಯನ್ನು ಸುಮ್ಮನೆ ಬಿಸಾಡಲು ಅಜ್ಜಿಗೆ ಮನಸ್ಸೂ ಇಲ್ಲ. ಎಂದರೆ ಸೂತ್ರದ ಎರಡೂ ಷರತ್ತುಗಳು ಅಲ್ಲಿ ಎಲೆ ಹಸಿಯಾಗಿರುವಾಗಲೇ ಪೂರೈಸುತ್ತವೆ. ಡೊಂಬಿವಲಿಯಲ್ಲಿ ಅವು ಪೂರೈಸಲು ಎಲೆ ಬಾಡಬೇಕು. ಅಜ್ಜಿಯ ಲೋಳೆಗೆ ಒಂದು ಉದ್ಯೋಗವೂ ಇತ್ತು ಎಂಬುದನ್ನು ಮರೆಯಬಾರದು. ನೆತ್ತಿಗೆ ಬಡಿದ ಎಣ್ಣೆಯನ್ನು ಕೂದಲು ಸಿಕ್ಕಾಗದಂತೆ ಇಳಿಸುವುದು ಅದರ ಕೆಲಸ. ಜೊತೆಗೆ ಸೀಗೆಕಾಯಿ, ಅಂಟುವಾಳಗಳ ನೊರೆ ಸಹಾಯಕ್ಕಿತ್ತು. ಎಣ್ಣೆಯೂ ಇಲ್ಲದ, ಹಂಡೆಯ ಬಿಸಿನೀರೂ ಇಲ್ಲದ ಮುಖದ ಮೇಲೆ ಪಾಲಕ್ ಬಳಿದು ಅಜ್ಜಿಯ ಹೆಸರು ಹೇಳುವುದು, ಎಂಜಿನ್ ಇಲ್ಲದ ಹಳಿಯ ಮೇಲೆ ಹಸಿರು ಬಾವುಟ ಬೀಸಿದಂತೆ.

ಮೂರನೆಯ ಆಕ್ಷೇಪ ವಿಜ್ಞಾನದ ಉಡುಪಿನಲ್ಲಿ ಬರುತ್ತದೆ: ಸೊಪ್ಪಿನಲ್ಲಿ ಪತ್ರಹರಿತ್ತು, ವಿಟಮಿನ್ನು, ಕಡಲಕಳೆಯಲ್ಲಿ ಖನಿಜಗಳು ಇರುವುದು ಸುಳ್ಳೇ ಎಂದು. ಇರುವುದು ನಿಜ, ಒಳಹೋಗುವ ಮಾತು ಬೇರೆ. 2000ರಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬ ಡಚ್ ವಿದ್ವಾಂಸರು ಮಂಡಿಸಿದ ನಿಯಮದಂತೆ, 500 ಡಾಲ್ಟನ್ನಿಗಿಂತ ಭಾರವಾದ ಅಣುಗಳಿಗೆ ಆರೋಗ್ಯವಂತ ಚರ್ಮ ದಾರಿ ಕೊಡುವುದಿಲ್ಲ. ಪತ್ರಹರಿತ್ತಿನ ತೂಕ 890ರ ಮೇಲೆ. ಕಡಲಕಳೆಯ ಅಗರ್, ಆಲ್ಜಿನೇಟುಗಳದ್ದು ಸಾವಿರ-ಲಕ್ಷಗಳ ಲೆಕ್ಕ. ಸಂಜೆ ಆರರ ಕಲ್ಯಾಣ್ ಫಾಸ್ಟಿಗೆ ದಾದರಿನಲ್ಲಿ ಹತ್ತಲು ನಿಂತವರಿಗಿರುವಷ್ಟೇ ಅವಕಾಶ ಅವಕ್ಕೆ. ವಿಟಮಿನ್ ಸಿ ಚಿಕ್ಕದೇನೋ ಹೌದು, ಆದರೆ ಅದು ನೀರಿನ ಪಕ್ಷ, ಚರ್ಮದ ಹೊರಪದರ ಜಿಡ್ಡಿನ ಪಕ್ಷ. ಸಾಲದ್ದಕ್ಕೆ ಬಾಡಿದ ಸೊಪ್ಪಿನಲ್ಲಿ ಅದು ಮಿಕ್ಸರಿಗೆ ಬೀಳುವ ಮೊದಲೇ ಅಷ್ಟಿಷ್ಟು ಸೋರಿಹೋಗಿರುತ್ತದೆ. ಲೋಳೆ ಸ್ವಲ್ಪ ಹೊತ್ತು ನೀರನ್ನು ಹಿಡಿದಿಟ್ಟು ಚರ್ಮವನ್ನು ಮೆದುವಾಗಿಸುತ್ತದೆ ಎಂಬುದನ್ನು ಒಪ್ಪಲೇಬೇಕು. ಒದ್ದೆ ಪಂಚೆಯೂ ಆ ಕೆಲಸ ಮಾಡುತ್ತದೆ. ಉಳಿದ ಲೇಪವನ್ನು ಡಬ್ಬಿಯಲ್ಲಿ ಕಾದಿಡುವವರು ಒಂದು ಚರಿತ್ರೆಯನ್ನು ನೆನೆಯಬೇಕು. ಪುಡ್ಡಿಂಗಿಗೆ ಬಳಸುತ್ತಿದ್ದ ಅಗರನ್ನು 1881ರಲ್ಲಿ ಫ್ಯಾನಿ ಹೆಸ್ಸೆ ಎಂಬಾಕೆ ಪ್ರಯೋಗಾಲಯಕ್ಕೆ ಸೂಚಿಸಿದ ಮೇಲೆ, ಪೋಷಕಾಂಶ ಬೆರೆಸಿದ ಅಗರ್ ತಟ್ಟೆಯೇ ಜಗತ್ತಿನ ಬ್ಯಾಕ್ಟೀರಿಯಾಗಳ ಅಚ್ಚುಮೆಚ್ಚಿನ ಹಾಸಿಗೆಯಾಯಿತು. ಅಗರಿಗೆ ಮೊಸರು, ಜೇನು ಬೆರೆಸಿ ವಾರವಿಡೀ ಇಡುವ ಗೃಹಸ್ಥರು ಅರಿಯದೆಯೇ ಸೂಕ್ಷ್ಮಜೀವಿಶಾಸ್ತ್ರದ ಸೇವೆ ಮಾಡುತ್ತಿದ್ದಾರೆ.

ಕೊನೆಯದಾಗಿ, ನಿಸರ್ಗದತ್ತವಾದದ್ದು ನಿರಪಾಯ ಎಂಬ ವಾದ ಉಳಿಯುತ್ತದೆ. ಪತ್ರೊಡೆಯ ಕೆಸುವಿನೆಲೆಗಿಂತ ನೈಸರ್ಗಿಕವಾದದ್ದು ಯಾವುದಿದೆ? ಅದರೊಳಗಿನ ಆಕ್ಸಲೇಟಿನ ಸೂಜಿಗಳಿಗೆ ಹೆದರಿ ಹುಣಸೆಹುಳಿಯ ರಕ್ಷಣೆ ಪಡೆಯದ ಅಡುಗೆಯವರಿಲ್ಲ. ಶೇವಳವನ್ನೂ ತುರಿಕೆಗೆ ಹೆದರಿಯೇ ಕಾಕಡದ ಹುಳಿಕಾಯಿ ಹಾಕಿ ಬೇಯಿಸುತ್ತಾರೆ. ಜಪಾನಿನ ಹಿಜಿಕಿ ಎಂಬ ಕಡಲಕಳೆಯಲ್ಲಿ ಆರ್ಸೆನಿಕ್ ಹೆಚ್ಚೆಂದು, ತಿನ್ನಬೇಡಿರೆಂದು ಬ್ರಿಟನ್ನಿನ ಆಹಾರ ಸುರಕ್ಷಾ ಸಂಸ್ಥೆ 2004ರಲ್ಲೇ ಎಚ್ಚರಿಸಿದೆ. ಇಷ್ಟಕ್ಕೂ ಹಸಿರಿನಲ್ಲಿ ನಿಜವಾದ ಭಕ್ತಿಯಿದ್ದರೆ ಈ ಪ್ರಾಂತದಲ್ಲಿ ಅದಕ್ಕೆ ಬರವಿಲ್ಲ. ಕಲ್ಯಾಣದ ಉಲ್ಹಾಸ್ ನದಿಯ ಮೇಲೆ ಜಲಪರ್ಣಿಯೆಂಬ ನೀರುಕಳೆ ಚಾಪೆ ಹಾಸಿರುತ್ತದೆ, ಥಾಣೆಯ ಖಾಡಿಯಲ್ಲಿ ಪಾಚಿ ಬೇಕಾದಷ್ಟಿದೆ. 2014ರ ಜನವರಿಯಲ್ಲಿ ಡೊಂಬಿವಲಿಯ ಮೇಲೆ ಆಕಾಶವೇ ಹಸಿರು ಮಳೆ ಸುರಿಸಿತು. 2020ರ ಫೆಬ್ರವರಿಯಲ್ಲಿ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿಯಾಗಿ, ಕೆನ್ನೆಗೆ ಬೇಕಾದ ಬಣ್ಣವನ್ನೂ ಒದಗಿಸಿತು. ಹಸಿರು ಮಳೆಗೆ ಯಾರೂ ಮುಖವೊಡ್ಡಿ ನಿಲ್ಲಲಿಲ್ಲ. ಕಾರ್ಖಾನೆಗಳತ್ತ ಬೆರಳು ತೋರಿಸಿದರು. ಎಸೆಯಲು ಸಂಕಟವಾಗದ ಹಸಿರಿಗೆ ಮುಖದಲ್ಲಿ ಜಾಗವಿಲ್ಲ ಎಂಬುದಕ್ಕೆ ಇದಕ್ಕಿಂತ ನಿರ್ಣಾಯಕ ಸಾಕ್ಷ್ಯ ಬೇಡ.

ಹಾಗಾದರೆ ಪಾಚಿಯಿಂದ ಮೈಬಣ್ಣ ಪಡೆದವರು ಯಾರೂ ಇಲ್ಲವೇ ಎಂದರೆ, ಇದ್ದಾರೆ. ಥಾಣೆ ಖಾಡಿಯ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು. 2015ರಲ್ಲಿ ಅವುಗಳಿಗಾಗಿಯೇ ಅಭಯಾರಣ್ಯ ಘೋಷಣೆಯಾಗಿದೆ, 2022ರಲ್ಲಿ ಆ ತಾಣಕ್ಕೆ ರಾಮ್ಸಾರ್ ಮನ್ನಣೆಯೂ ಸಿಕ್ಕಿದೆ. ಹುಟ್ಟುವಾಗ ಬೂದುಬಣ್ಣದ ಈ ಹಕ್ಕಿಗಳು ಗುಲಾಬಿಯಾಗುವುದು ಪಾಚಿಯಂಥ ಆಹಾರದಲ್ಲಿರುವ ಕೆರೋಟಿನಾಯ್ಡುಗಳಿಂದ. ಆದರೆ ಅವು ಪಾಚಿಯನ್ನು ಅರೆದು ರೆಕ್ಕೆಗೆ ಬಳಿದುಕೊಂಡು ಇಪ್ಪತ್ತು ನಿಮಿಷ ಮಲಗುವುದಿಲ್ಲ. ತಲೆಕೆಳಗೆ ಮಾಡಿ ದಿನವಿಡೀ ತಿನ್ನುತ್ತವೆ. ಫ್ರಿಜ್ಜಿಲ್ಲದ ಕಾರಣ ಅವುಗಳಲ್ಲಿ ಮುಖಲೇಪದ ಶಾಸ್ತ್ರ ಬೆಳೆಯಲಿಲ್ಲ, ಬಣ್ಣ ಮಾತ್ರ ಬಂತು. ಆದ್ದರಿಂದ ಫಲಶ್ರುತಿ ಹೀಗೆ: ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದವರು ಸ್ಟೇಷನ್ನಿನ ಹೊರಗೆ ಒಂದೇ ಕಟ್ಟು ಕೊಳ್ಳುವರು, ಅದನ್ನು ಅಂದೇ ಬೇಯಿಸುವರು, ಬೇವನ್ನು ಚಿಟಿಕೆಯಷ್ಟೇ ನೆರೆಮನೆಯಿಂದ ಕೇಳಿ ತರುವರು. ಅವರ ಮೊಡವೆಗಳು ಇದ್ದಷ್ಟೇ ಇರುವುವು, ಹಚ್ಚಿಕೊಂಡಿದ್ದರೂ ಅಷ್ಟೇ ಇರುತ್ತಿದ್ದವು. ಪೂರ್ತಿ ಓದದೆ ನಡುವೆ ಬಿಟ್ಟವರು ಮೂರು ಕಟ್ಟು ಕೊಂಡು, ಭಾನುವಾರ ಗಂಟೆ ಹೊಡೆದ ಕೊರಿಯರಿನವನಿಗೆ ಹಸಿರು ಮುಖದಲ್ಲೇ ಬಾಗಿಲು ತೆರೆದು ಸಹಿ ಮಾಡುವರು.