ಕಸದ ಸಮಿತಿಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಿಷಯ: ನಮ್ಮ ತಾಲ್ಲೂಕು ಕಚೇರಿಯನ್ನು ಎಷ್ಟು ದಿನಕ್ಕೊಮ್ಮೆ ಗುಡಿಸಿ ಒರೆಸಬೇಕೆಂಬ ಬಗ್ಗೆ.

ಇದನ್ನು ನಿರ್ಧರಿಸಲು ತಮ್ಮ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾದಂದಿನಿಂದ ಇಲ್ಲಿನ ಕಸಕ್ಕೊಂದು ಘನತೆ ಬಂದಿದೆ. ಅದೀಗ ಪರಿಶೀಲನೆಯಲ್ಲಿರುವ ವಿಷಯ. ತೀರ್ಮಾನವಾಗುವವರೆಗೆ ಯಥಾಸ್ಥಿತಿ ಇರಲೆಂದು ಯಾರೂ ಅದನ್ನು ಮುಟ್ಟುತ್ತಿಲ್ಲ.

1948ರ ಕಾರ್ಖಾನೆಗಳ ಕಾಯ್ದೆ ಬರೆದವರು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಕೆಲಸದ ಕೋಣೆ, ಮೆಟ್ಟಿಲು, ಓಡಾಡುವ ದಾರಿಗಳ ಕಸ ದಿನವೂ ತೆಗೆಯಬೇಕು, ವಾರಕ್ಕೊಮ್ಮೆಯಾದರೂ ನೆಲ ತೊಳೆಯಬೇಕು, ಸುಣ್ಣದ ಗೋಡೆಗೆ 14 ತಿಂಗಳೊಳಗೆ ಮತ್ತೆ ಸುಣ್ಣ ಬಳಿಯಬೇಕು ಎಂದು 11ನೇ ಕಲಮಿನಲ್ಲಿ ಬರೆದು ಎದ್ದುಹೋದರು. ಅದು ನಮಗೆ ಅನ್ವಯಿಸದೆಂದು ತಾವು ಕಡತದಲ್ಲಿ ಷರಾ ಬರೆದದ್ದು ಸರಿಯಾಗಿಯೇ ಇದೆ. ಕಾರ್ಖಾನೆ ಎನ್ನಿಸಿಕೊಳ್ಳಲು ಒಳಗೆ ಏನಾದರೂ ತಯಾರಾಗಬೇಕಲ್ಲ!

ಹಾಗೆಂದು ನಮ್ಮಲ್ಲಿ ಪದ್ಧತಿಯೇ ಇಲ್ಲವೆನ್ನಲಾಗದು. ಜಿಲ್ಲಾಧಿಕಾರಿಗಳು ಬರುವ ಹಿಂದಿನ ಸಂಜೆ ಕಚೇರಿಯೆಲ್ಲ ಫಿನಾಯಿಲ್ ಘಮಘಮ. ಅಕ್ಟೋಬರ್ 2ರಂದು ಎಲ್ಲರ ಕೈಗೂ ಹೊಸ ಪೊರಕೆ. ಗುಡಿಸಿಟ್ಟ ಅಂಗಳದಲ್ಲಿ ಫೋಟೊಗೆಂದು ನಾಲ್ಕು ಎಲೆ ಉದುರಿಸಿ ಮತ್ತೆ ಗುಡಿಸುತ್ತೇವೆ. ಆಯುಧಪೂಜೆಗೆ ಜೀಪು, ಪ್ರಿಂಟರ್, ಕೀಬೋರ್ಡುಗಳ ಧೂಳು ಹೋಗಿ ಅರಿಶಿನ ಕುಂಕುಮ ಬರುತ್ತದೆ. ಒಡೆದ ಬೂದುಗುಂಬಳ ಮಾತ್ರ ಬಾಗಿಲಲ್ಲೇ ಕೊಳೆಯುತ್ತದೆ. ಪೂಜೆಗೆ ಸಂದದ್ದನ್ನು ಕಸವೆನ್ನಲು ಯಾರಿಗೆ ಧೈರ್ಯ?

ತಮ್ಮ ಕರಡು ಪಟ್ಟಿ ನೋಡಿದೆ. ಮೇಲ್ಮಹಡಿಯ ಸಭಾಂಗಣಕ್ಕೆ ದಿನಕ್ಕೆರಡು ಬಾರಿ ಒರೆಸುವ ಭಾಗ್ಯ. ಅಲ್ಲಿ ಸಭೆ ನಡೆಯುವುದು ತಿಂಗಳಿಗೊಂದೋ ಎರಡೋ. ಉಳಿದಂತೆ ಒಳಗಿರುವುದು ಮಹನೀಯರ ಭಾವಚಿತ್ರಗಳು, ಅವರು ನೆಲಕ್ಕೆ ಕಾಲಿಡುವುದಿಲ್ಲ. ನೆಲಮಹಡಿಯಲ್ಲಿ ಪಹಣಿ ಕೌಂಟರಿನ ಪಕ್ಕದ ಶೌಚಾಲಯಕ್ಕೆ ‘ಅಗತ್ಯಕ್ಕೆ ತಕ್ಕಂತೆ’ ಎಂದಿದೆ. ಬೆಳಗಿನ ಬಸ್ಸಿಗೆ ಬಂದ ಹೆಂಗಸರು ಸರ್ವರ್ ಡೌನ್ ಎಂದು ಮಧ್ಯಾಹ್ನದವರೆಗೂ ಸಾಲಿನಲ್ಲಿ ನಿಂತಿರುತ್ತಾರೆ. ಅವರ ಅಗತ್ಯ ತಕ್ಕಮಟ್ಟಿಗೆ ದೊಡ್ಡದೇ. ಆದರೆ ಶೌಚಾಲಯಕ್ಕೆ ಬೀಗ ಬಿದ್ದು ಕೀಲಿ ಶಿರಸ್ತೇದಾರರ ಡ್ರಾಯರಿನಲ್ಲಿರುವುದರಿಂದ ಒಳಗೆ ಗಲೀಜಾಗುವ ಪ್ರಶ್ನೆಯೇ ಇಲ್ಲ. ಇಷ್ಟು ಕಡಿಮೆ ಖರ್ಚಿನಲ್ಲಿ ಸ್ವಚ್ಛತೆ ಸಾಧಿಸಿದ ಕಚೇರಿ ಇನ್ನೊಂದಿರಲಾರದು!

ಸಮಿತಿಯಲ್ಲಿ ಒಂಬತ್ತು ಮಂದಿ ಸದಸ್ಯರು. ಪೊರಕೆ ಹಿಡಿಯುವ ಆಯಮ್ಮ ಅವರಲ್ಲಿಲ್ಲ; ಹೊರಗುತ್ತಿಗೆಯವರಿಗೆ ಸಭಾ ಭತ್ಯೆಯ ನಿಯಮವಿಲ್ಲವಂತೆ. ಹೋಗಲಿ ಎಂದು ನಾನೇ ಕೇಳಿದೆ. “ದಿನಾ ಗುಡಿಸೋಕೆ ನಂಗೇನು ಕಷ್ಟ ಸ್ವಾಮಿ? ಮೂರು ಮಹಡಿಗೆ ನಾನೊಬ್ಬಳೇ. ಫಿನಾಯಿಲ್ ಬಿಲ್ ಪಾಸಾಗಿಲ್ಲ, ನನ್ ಸಂಬಳಾನೂ ಆಗಿಲ್ಲ. ಅದೆಷ್ಟು ದಿನಕ್ಕೊಂದ್ಸಲ ಕೊಡ್ಬೇಕು ಅಂತಾನೂ ಸಮಿತೀಲಿ ಕೇಳಿ,” ಎಂದಳು. ಕಾರ್ಯಸೂಚಿಯಲ್ಲಿಲ್ಲದ ವಿಷಯವೆಂದು ಸಮಾಧಾನ ಹೇಳಿದ್ದೇನೆ.

ನನ್ನದೊಂದು ಕೋರಿಕೆ. ತಮ್ಮ ಮುಂದಿನ ಸಭೆಯನ್ನು ಸಭಾಂಗಣದ ಬದಲು ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ನೆಲಮಹಡಿಯಲ್ಲಿ, ಆ ಶೌಚಾಲಯದ ಬಾಗಿಲ ಬಳಿ ಕರೆಯಬೇಕು. ಹಿಂದಿನ ವಾರವೇ ಬೀಗ ತೆಗೆಸಿರಬೇಕು. ಫ್ಯಾನ್ ಕೆಟ್ಟಿದೆ, ಕುರ್ಚಿಗಳಿಲ್ಲ. ಸಭೆ ಬೇಗ ಮುಗಿಯುತ್ತದೆಂಬ ಭರವಸೆ ನನ್ನದು.

ಇತಿ ತಮ್ಮ ವಿಶ್ವಾಸಿ,
ಪಹಣಿ ಕೌಂಟರಿನ ಗುಮಾಸ್ತ