ಫ್ಯಾನ್ ದಾನಿಗಳು

ತೆಲಂಗಾಣದ ಗಡಿಯ ಮೊಗುಡಂಪಲ್ಲಿ ಸುತ್ತಿನ ಹಳ್ಳಿ ಚರ್ಚಿನಲ್ಲಿ ಕೂತು, ಪ್ರಾರ್ಥನೆಗೆಂದು ಮುಚ್ಚಿದ ಕಣ್ಣನ್ನು ಸ್ವಲ್ಪ ಬೇಗ ತೆರೆದರೆ ನೇರ ತಲೆಯ ಮೇಲೆ ಹೆಸರು ಕಾಣುತ್ತದೆ. ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಪೇಂಟಿನಲ್ಲಿ ಬರೆಸಿದ್ದು. ಒಂದು ರೆಕ್ಕೆಯಲ್ಲಿ ಕೊಟ್ಟವರ ಹೆಸರು, ಇನ್ನೊಂದರಲ್ಲಿ ತೀರಿಹೋದ ತಂದೆಯದು, ಮೂರನೆಯದರಲ್ಲಿ ‘ಇವರ ಸ್ಮರಣಾರ್ಥ’ ಎಂಬ ಮಾತು. ಫ್ಯಾನ್ ತಿರುಗತೊಡಗಿದರೆ ಮೂರೂ ಕಲಸಿಹೋಗಿ ಯಾರು ಕೊಟ್ಟರು, ಯಾರು ಸತ್ತರು ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಆರಾಧನೆಯ ನಡುವೆ ಕರೆಂಟ್ ಹೋಗಿ ಸಭೆಯೆಲ್ಲ ಬೆವರುತ್ತಿದ್ದರೂ ಒಬ್ಬರ ಮುಖ ಮಾತ್ರ ಅರಳುತ್ತದೆ.

ಆ ಒಬ್ಬರೇ ನಮ್ಮ ದಾನಿಗಳು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರೊಬ್ಬರಿಗೆ ಸಂತೋಷವಾಗಿ, ಪಕ್ಕದ ಊರುಗಳ ಚರ್ಚಿನಲ್ಲಿರುವ ಅಂಥವರೇ ಆದ ನಾಲ್ಕಾರು ಮಂದಿಗೆ ಬೇಸರವಾದೀತು. ಐವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜಿಪ್ಪು ಹಾಕಿದ ಕವರಿನೊಳಗೆ ಬೈಬಲ್. ಕಬ್ಬು, ಶುಂಠಿ, ತೊಗರಿ ಬೆಳೆಯುವ ಹೊಲವಿದೆ, ಹೈದರಾಬಾದಿನಲ್ಲಿ ನೌಕರಿಯ ಮಗನಿದ್ದಾನೆ. ಮೊದಲ ಹಾಡು ಮುಗಿದ ಮೇಲೆ ಒಳಗೆ ಬರುತ್ತಾರೆ, ಮೊದಲೇ ಬಂದರೆ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲವಲ್ಲ. ಕೂರುವುದು ಎರಡನೆಯ ಸಾಲಿನಲ್ಲಿ. ಮೊದಲ ಸಾಲು ಗರ್ವದ್ದು ಎಂದು ಅವರ ಅಭಿಪ್ರಾಯ.

ಮೆಥೋಡಿಸ್ಟರಲ್ಲಿ ಸ್ಟುವರ್ಡ್ ಎಂಬ ಹುದ್ದೆಯೇ ಇದೆ. ಸಭೆಯ ಕಾಣಿಕೆ, ದಶಮಾಂಶ, ತಿಂಗಳ ಚಂದಾ ಸರಿಯಾಗಿ ಬರುತ್ತಿದೆಯೇ ನೋಡುವುದು, ಬಂದದ್ದರ ಲೆಕ್ಕ ಇಡುವುದು ಆ ಹುದ್ದೆಯವರ ಕೆಲಸ. ದೇವರು ಕೊಟ್ಟದ್ದಕ್ಕೆ ನಾವು ಮಾಲೀಕರಲ್ಲ, ಬರೀ ಮೇಲ್ವಿಚಾರಕರು ಎಂಬುದು ಅದರ ಹಿಂದಿನ ವಿಚಾರ. ನಮ್ಮ ದಾನಿಗಳು ಆ ಹುದ್ದೆಯಲ್ಲಿ ಬಹಳ ವರ್ಷಗಳಿಂದ ಇದ್ದಾರೆ, ಉಳಿದವರ ದುಡ್ಡಿನ ಮೇಲ್ವಿಚಾರಣೆಯನ್ನು ಶ್ರದ್ಧೆಯಿಂದ ಮಾಡುತ್ತಾರೆ. ಯಾರು ಯಾವ ಭಾನುವಾರ ಕಾಣಿಕೆ ಚೀಲದೊಳಗೆ ಬರಿಗೈ ಹಾಕಿ ತೆಗೆದರು ಎಂಬುದು ಅವರಿಗೆ ಬಾಯಿಪಾಠ. ತಮ್ಮ ಸರದಿ ಬಂದಾಗ ಐನೂರರ ನೋಟು ಎತ್ತಿ ತೋರಿಸಿ, ಹಾಕಿ, ಚೀಲದೊಳಗಿಂದ ನಾಲ್ಕುನೂರಾ ತೊಂಬತ್ತು ಚಿಲ್ಲರೆ ಎಣಿಸಿಕೊಳ್ಳುತ್ತಾರೆ. ಚೀಲ ಹಿಡಿದ ಹುಡುಗ ಅಷ್ಟು ಹೊತ್ತು ಬಾಗಿ ನಿಂತಿರಬೇಕು. ಹಿಂದಿನ ಸಾಲಿನವರು ಅದನ್ನು ಭಕ್ತಿ ಎಂದುಕೊಳ್ಳುತ್ತಾರೆ.

ಕೊಟ್ಟದ್ದರ ಪ್ರಕಟಣೆ ಮಾತ್ರ ಎರಡೂ ಭಾಷೆಯಲ್ಲಿ ಆಗಬೇಕು. ತೆಲುಗಿನಲ್ಲಿ ಓದಿ ಮುಗಿಸಿದರೆ ಅವರು ಎದ್ದು ನಿಲ್ಲುತ್ತಾರೆ. “ಕನ್ನಡದಾಗೂ ಹೇಳ್ರಿ ಪಾಸ್ಟರ್ ಸಾಬ್, ನಮ್ಮ ಹಿರ್ಯಾರು ಕೂತಾರ.” ಕಾರಣ ಕೇಳಿದರೆ ನೇರ 1956ಕ್ಕೆ ಹೋಗುತ್ತಾರೆ. ಆಗಿನವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾಗಿ ಎಲ್ಲ ಆಂಧ್ರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ಬಂತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಗಿ ಮೊಗುಡಂಪಲ್ಲಿಯೂ ಒಂದು ಮಂಡಲವಾಯಿತು. ಜಿಲ್ಲೆ ಹೋಯಿತು, ರಾಜ್ಯ ಹೋಯಿತು, ಮನೆಮಾತು ಹೋಗಬಾರದು ಎಂದು ಅವರ ವಾದ. ವಾದ ಸರಿಯೇ. ನಾನೂ ಒಪ್ಪುತ್ತೇನೆ. ಆದರೆ ಪ್ರಸಂಗ ಕನ್ನಡದಲ್ಲಿ ಆಗಲಿ, ಪಾಠ ಕನ್ನಡದಲ್ಲಿ ಓದಲಿ ಎಂದು ಅವರು ಎದ್ದು ನಿಂತದ್ದನ್ನು ಯಾರೂ ನೋಡಿಲ್ಲ. ಕನ್ನಡದ ಅಭಿಮಾನ ಪ್ರಕಟಣೆಯ ಹೊತ್ತಿಗೆ ಸರಿಯಾಗಿ ಉಕ್ಕುತ್ತದೆ.

ದಶಮಾಂಶದ ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಬೈಬಲಿನ ಮಲಾಕಿಯನ ಪುಸ್ತಕದ ಮೂರನೆಯ ಅಧ್ಯಾಯ ಅವರಿಗೆ ಕಂಠಪಾಠ, ಸಭೆಗೆಲ್ಲ ಒಪ್ಪಿಸುತ್ತಾರೆ. ತೊಡಕು ಬರುವುದು ಹತ್ತರಲ್ಲಿ ಒಂದು ಎಂದರೆ ಯಾವುದರ ಹತ್ತರಲ್ಲಿ ಒಂದು ಎಂಬಲ್ಲಿ. ಗೊಬ್ಬರದ ಖರ್ಚು ಕಳೆದೋ, ಕಳೆಯದೆಯೋ? ಕಬ್ಬು ಕಡಿಯುವವರ ಕೂಲಿ, ಲಾರಿ ಬಾಡಿಗೆ, ಬೋರಿನ ಸಾಲದ ಬಡ್ಡಿ ಕಳೆದೋ? ಎಲ್ಲ ಕಳೆದ ಮೇಲೆ ದೇವರೇ ತಮಗೆ ಸ್ವಲ್ಪ ಕೊಡಬೇಕಾಗುತ್ತದೆ ಎಂಬಲ್ಲಿಗೆ ಲೆಕ್ಕ ಬಂದು ನಿಲ್ಲುತ್ತದೆ. 2018ರಲ್ಲಿ ತೆಲಂಗಾಣ ಸರ್ಕಾರ ರೈತುಬಂಧು ತಂದು ಎಕರೆಗೆ ಒಂದು ಹಂಗಾಮಿಗೆ 4000 ರೂಪಾಯಿ ಕೊಡತೊಡಗಿದಾಗ ಪಾಸ್ಟರ್ ಮೆಲ್ಲಗೆ ಕೇಳಿದರು.

“ಇದಕ್ಕ ಗೊಬ್ಬರದ ಖರ್ಚಿಲ್ಲ, ಕೂಲಿ ಇಲ್ಲ. ಸೀದಾ ಖಾತೆಗಿ ಬಂದದ. ಇದರಾಗ ದಶಮಾಂಶ ತೆಗೀಬಹುದಲ್ರಿ?”

“ಅದು ಸರ್ಕಾರ ಕೊಟ್ಟದ್ದು ಪಾಸ್ಟರ್ ಸಾಬ್, ದೇವರು ಕೊಟ್ಟದ್ದಲ್ಲ.”

“ಸರ್ಕಾರಕ್ಕ ಬುದ್ಧಿ ಕೊಟ್ಟವ್ರು ಯಾರು?”

“ಹಂಗಂದ್ರ ದಶಮಾಂಶ ಸರ್ಕಾರನೇ ಹಿಡಕೊಂಡು ಕೊಡಬೇಕಿತ್ತಲ್ರಿ!”

ಗಡಿಯಾಚೆ ಚಿಂಚೋಳಿ ತಾಲೂಕಿನಲ್ಲಿರುವ ಅವರ ಸೋದರತ್ತೆಯ ಮಗನಿಗೆ ಆ ದುಡ್ಡು ಇಲ್ಲ. ಆತ ತಿಂಗಳು ತಿಂಗಳು ದಶಮಾಂಶ ಕೊಡುತ್ತಾನೆ. “ಅವನಿಗಿ ಲೆಕ್ಕಾನೇ ಬರಂಗಿಲ್ಲ” ಎಂದು ದಾನಿಗಳು ಮರುಗುತ್ತಾರೆ.

ಒಂದು ಭಾನುವಾರ ಪಾಸ್ಟರ್ ತಮ್ಮ ಪ್ರಸಂಗದೊಳಕ್ಕೆ ಜಾನ್ ವೆಸ್ಲಿಯವರನ್ನೇ ಎಳೆದು ತಂದರು. ಮೆಥೋಡಿಸ್ಟ್ ಪಂಥ ಹುಟ್ಟಿಸಿದವರು, ದುಡ್ಡಿನ ಮೇಲೆ ಒಂದಿಡೀ ಪ್ರಸಂಗ ಮಾಡಿದವರು. ಸಾಧ್ಯವಾದಷ್ಟು ದುಡಿ, ಉಳಿಸು, ಕೊಡು ಎಂಬುದು ಅದರ ಸಾರ. ನಮ್ಮ ದಾನಿಗಳು ಮೊದಲ ಎರಡರಲ್ಲಿ ವೆಸ್ಲಿಯವರನ್ನು ದಾಟಿ ಹೋಗಿ ಬಹಳ ದಿನವಾಗಿದೆ. ಪಾಸ್ಟರ್ ಮುಂದುವರಿಸಿದರು: ವೆಸ್ಲಿಯವರಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿದ್ದಾಗ 28ರಲ್ಲಿ ಬದುಕಿ 2 ಕೊಟ್ಟರು. ಆಮೇಲೆ 60 ಬಂದಾಗಲೂ 28ರಲ್ಲೇ ಬದುಕಿ ಉಳಿದ 32 ಕೊಟ್ಟುಬಿಟ್ಟರು. ಸಭೆ ಮೌನವಾಯಿತು. ಆರಾಧನೆ ಮುಗಿದ ಮೇಲೆ ದಾನಿಗಳು ಪಾಸ್ಟರನ್ನು ಬಾಗಿಲಲ್ಲೇ ಹಿಡಿದರು.

“ಅಷ್ಟರಾಗ ಮಕ್ಕಳ ಫೀಸು ಹ್ಯಾಂಗ್ ಕಟ್ಟಿದ್ರಂತ ಅವ್ರು?”

“ಅವಾಗ ಅವರದು ಮದಿವೀನೇ ಆಗಿರಲಿಲ್ರಿ.”

“ಮತ್ತ! ಮದಲೇ ಹೇಳಬೇಕಿಲ್ರಿ ಅದು?”

ಆದರೆ ಅವರು ಕೊಡುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೊಡುತ್ತಾರೆ, ಕೈ ಬಿಚ್ಚಿ ಕೊಡುತ್ತಾರೆ. ಫ್ಯಾನು ಕೊಟ್ಟಿದ್ದಾರೆ. ಗೋಡೆ ಗಡಿಯಾರ, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ (ಬೆನ್ನ ಮೇಲೆ ಹೆಸರು), ಪ್ರಸಂಗಪೀಠಕ್ಕೆ ಮಖಮಲ್ ಬಟ್ಟೆ (ಅಂಚಿನಲ್ಲಿ ಜರಿಯಿಂದ ಹೆಸರು), ತಾಂಡೂರು ಕಲ್ಲಿನ ಮೆಟ್ಟಿಲು. ಮೆಟ್ಟಿಲ ಮೇಲೂ ಹೆಸರು ಕೆತ್ತಿಸಿದ್ದರು, ಆಮೇಲೆ ಜನ ತುಳಿದುಕೊಂಡೇ ಒಳಗೆ ಹೋಗುತ್ತಾರೆ ಎಂಬುದು ಹೊಳೆದು ಕಲ್ಲನ್ನು ಕಿತ್ತಿಸಿ ಗೋಡೆಗೆ ಹಾಕಿಸಿದರು. ಮೆಟ್ಟಿಲು ಈಗ ಸಿಮೆಂಟಿನದು. ಹೆಸರು ಬರೆಯಲು ಜಾಗವಿದ್ದ ಎಲ್ಲವನ್ನೂ ಅವರು ಕೊಟ್ಟಾಗಿದೆ. ಚರ್ಚಿನ ತೊಂದರೆ ಏನೆಂದರೆ ಅದಕ್ಕೆ ತಿಂಗಳು ತಿಂಗಳು ಬೇಕಾದ ಯಾವುದರ ಮೇಲೂ ಹೆಸರು ಬರೆಯಲು ಬರುವುದಿಲ್ಲ. ಕರೆಂಟು, ಕಸಬರಿಗೆ, ಕಾನ್ಫರೆನ್ಸಿಗೆ ಕಳಿಸಬೇಕಾದ ಪಾಲು, ಪಾಸ್ಟರ ಮೋಟರ್‌ಸೈಕಲ್ಲಿನ ಪೆಟ್ರೋಲು. ಫ್ಯಾನು ಒಬ್ಬರದು, ಅದನ್ನು ತಿರುಗಿಸುವ ಯೂನಿಟ್ಟು ಯಾರದೂ ಅಲ್ಲ.

ಅವರ ಪ್ರತಿಭೆ ಪೂರ್ತಿ ಅರಳುವುದು ಸುಗ್ಗಿ ಹಬ್ಬದ ಹರಾಜಿನಲ್ಲಿ. ಜನ ಹೊಲದಿಂದ, ಮನೆಯಿಂದ ತಂದದ್ದೆಲ್ಲ ಆಲ್ಟರ್ ಮುಂದೆ ಇರುತ್ತದೆ: ಜೋಳದ ತೆನೆ, ತೊಗರಿ ಚೀಲ, ಕಬ್ಬಿನ ಜಲ್ಲೆ, ಹಸಿ ಶುಂಠಿ, ಆಲೂಗಡ್ಡೆ, ಕಾಲು ಕಟ್ಟಿದ ನಾಟಿ ಕೋಳಿ, ಒಂದು ದೊಡ್ಡ ಕುಂಬಳಕಾಯಿ. ಹಾಡಿನ ನಡುವೆ ಕೋಳಿ ಕೂಗುತ್ತದೆ, ಕೋಳಿ ಕೂಗುವ ಮುನ್ನ ಯೇಸುವನ್ನು ಅರಿಯೆ ಎಂದ ಪೇತ್ರನ ಕಥೆ ನೆನಪಾಗಿ ಮಕ್ಕಳು ನಗುತ್ತಾರೆ. ಆಶೀರ್ವಾದ ಮುಗಿದ ಕೂಡಲೇ ಹರಾಜು. ಕುಂಬಳಕಾಯಿಗೆ ನೂರರಿಂದ ಶುರು. ದಾನಿಗಳು ಇನ್ನೂರು ಎನ್ನುತ್ತಾರೆ. ಆಚೆ ಬದಿಯಿಂದ ಟ್ಯೂಬ್‌ಲೈಟ್ ದಾನಿಗಳು ಮುನ್ನೂರು ಎನ್ನುತ್ತಾರೆ. ಪ್ರತಿ ಚರ್ಚಿನಲ್ಲೂ ಒಬ್ಬ ಟ್ಯೂಬ್‌ಲೈಟ್ ದಾನಿ ಇದ್ದೇ ಇರುತ್ತಾರೆ, ಅವರಿಲ್ಲದಿದ್ದರೆ ಫ್ಯಾನ್ ದಾನಿಗಳು ಹುಟ್ಟುತ್ತಲೇ ಇರಲಿಲ್ಲ. ಸಾವಿರ ದಾಟುತ್ತದೆ. ಹೆಂಗಸರು ಸೆರಗು ಬಾಯಿಗೆ ಒತ್ತಿ ನೋಡುತ್ತಾರೆ. ಹದಿನೆಂಟುನೂರಕ್ಕೆ ಮೂರು ಸಲ ಕೂಗಿ ಕಾಯಿ ಫ್ಯಾನ್ ದಾನಿಗಳದಾಗುತ್ತದೆ. ಚಪ್ಪಾಳೆ. ಅವರು ಕೈ ಎತ್ತಿ ಸುಮ್ಮನಾಗಿಸಿ, “ಇದನ್ನ ನಾ ಮತ್ತ ಚರ್ಚಿಗೇ ಕೊಡಲತ್ತೀನಿ” ಎನ್ನುತ್ತಾರೆ. ಇನ್ನೂ ದೊಡ್ಡ ಚಪ್ಪಾಳೆ. ಕಾಯಿ ಮತ್ತೆ ಹರಾಜಿಗೆ. ಈ ಸಲ ಟ್ಯೂಬ್‌ಲೈಟ್ ದಾನಿಗಳು ಎರಡು ಸಾವಿರಕ್ಕೆ ಗೆದ್ದು, ಅವರೂ ಚರ್ಚಿಗೇ ಕೊಡುತ್ತಾರೆ.

ಸಂಜೆ ಲೆಕ್ಕ ಬರೆಯುವಾಗ ಕುಂಬಳಕಾಯಿಯೊಂದರಿಂದಲೇ 3800 ರೂಪಾಯಿ. ಎಲ್ಲ ಬಾಕಿ. ಕೈಗೆ ಬಂದ ನಗದು ಕೋಳಿಯದ್ದು. ಅದನ್ನು ಕೊಂಡವನು ಆ ಊರಿನವನಲ್ಲ, ಹಬ್ಬಕ್ಕೆ ಮನ್ನಾಏಖೇಳಿ ಕಡೆಯಿಂದ ಬಂದ ಬೀಗ. ಕಾಯಿ ಪಾಸ್ಟರ ಮನೆಯ ಮೂಲೆಯಲ್ಲಿ ವಾರ ಕಳೆದು ಕೊನೆಗೆ ಪಲ್ಯವಾಗುತ್ತದೆ. ಬಾಕಿ ಮಾತ್ರ ಮುಂದಿನ ಸುಗ್ಗಿಯವರೆಗೂ ಕೆಡದೆ ಇರುತ್ತದೆ.

ಮೇದಕ್ ಕೆಥೀಡ್ರಲ್ ಎಂದರೆ ಅವರಿಗೆ ಬಹಳ ಗೌರವ. ಅದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರದು, ಈಗ ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ (ಸಿಎಸ್‌ಐ) ಸೇರಿದ್ದು; ನಮ್ಮದು ಅಮೆರಿಕದ ಕಡೆಯಿಂದ ಬಂದ ಮೆಥೋಡಿಸ್ಟ್. ಆದರೂ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮಿಷನರಿ ಪೋಸ್ನೆಟ್ ದೊರೆಗಳು 1914ರಲ್ಲಿ ಶುರು ಮಾಡಿದ್ದು, ಬರಗಾಲದಲ್ಲಿ ಹಸಿದವರಿಗೆ ಕೆಲಸ ಕೊಟ್ಟು ಅನ್ನ ಹಾಕಿ ಕಟ್ಟಿಸಿದ್ದು, 1924ರ ಕ್ರಿಸ್ಮಸ್ ದಿನ ಪ್ರತಿಷ್ಠೆಯಾದದ್ದು, ಗೋಪುರ ಬಹಳ ಎತ್ತರದ್ದು ಎಂದು ಎಲ್ಲವನ್ನೂ ಹೇಳುತ್ತಾರೆ. ಕಲ್ಲು ಹೊತ್ತವರ ಹೆಸರು ಒಂದು ಗೊತ್ತಿದ್ದರೆ ಹೇಳಿ ಎಂದು ನಾನು ಕೇಳಿದೆ. “ಅವ್ರೇನು ದಾನ ಕೊಟ್ಟಾರೇನ್ರಿ? ಕೂಲಿ ಮಾಡ್ಯಾರ” ಎಂದರು. ಅಲ್ಲಿಗೆ ನಮ್ಮ ಮಾತು ಮುಗಿಯಿತು.

ಹಾಗಾದರೆ ಚರ್ಚಿನ ಖರ್ಚು ನಡೆಯುವುದು ಹೇಗೆ? ಹೆಂಗಸರಿಂದ. ಅಡಿಗೆಗೆ ಇಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನೋ ಜೋಳವನ್ನೋ ಬೇರೆ ಡಬ್ಬಿಗೆ ಹಾಕಿ, ಭಾನುವಾರ ಸೆರಗಿನ ಮರೆಯಲ್ಲಿ ತಂದು, ಬಾಗಿಲ ಹಿಂದಿನ ಡ್ರಮ್ಮಿಗೆ ಸುರಿದು ಹೋಗುತ್ತಾರೆ. ಡ್ರಮ್ಮು ತುಂಬಿದರೆ ಮಹಿಳಾ ಸಂಘದವರು ಮಾರಿ ಬಿಲ್ಲು ಕಟ್ಟುತ್ತಾರೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಲ್ಲಿ ಹೀಗೆಯೇ ಹಿಡಿ ಅಕ್ಕಿ ತೆಗೆದಿಡಲು ತೊಡಗಿದರು, ಇಂದಿಗೂ ನಿಲ್ಲಿಸಿಲ್ಲ, ಅದರಿಂದ ಅಲ್ಲಿನ ಚರ್ಚಿಗೆ ಕೋಟಿಗಟ್ಟಲೆ ಬರುತ್ತದೆ. ಇದನ್ನು ಹೇಳಿದಾಗ ದಾನಿಗಳು ಬೆರಗಾದರು. “ಕೋಟಿ ಅಕ್ಕಿ ಕೊಟ್ಟಾರ, ಯಾರ್ ಕೊಟ್ಟಾರಂತ ಹ್ಯಾಂಗ್ ಗುರ್ತು ಹಿಡೀತಾರ್ರಿ?”

ಪಾಸ್ಟರ್ ಈಚೆಗೆ ಬಾಗಿಲಿಗೆ ಫೋನ್‌ಪೇ ಚೀಟಿ ಅಂಟಿಸಿದರು. ದಾನಿಗಳಿಗೆ ಖುಷಿಯೋ ಖುಷಿ. ಕಿರಾಣಿ ಅಂಗಡಿಯಲ್ಲಿ ಇರುವಂಥ, ದುಡ್ಡು ಬಿದ್ದ ಕೂಡಲೇ ಕೂಗಿ ಹೇಳುವ ಡಬ್ಬಿಯನ್ನು ತಾವೇ ಕೊಡಿಸುವುದಾಗಿ ಮುಂದೆ ಬಂದರು. ಜಹೀರಾಬಾದಿನ ಅಂಗಡಿಯೊಂದರಲ್ಲಿ ನಿಂತು ಅದು ಮಾತಾಡುವುದನ್ನು ಬಹಳ ಹೊತ್ತು ಕೇಳಿಸಿಕೊಂಡರು. ಸಪ್ಪೆ ಮುಖ ಮಾಡಿ ವಾಪಸ್ ಬಂದರು. “ಎಷ್ಟಂತ ಹೇಳ್ತದ, ಯಾರಂತ ಹೇಳಂಗಿಲ್ರಿ. ಹೆಸರು ಹೇಳೋದು ಬಂದ್ ಮ್ಯಾಲ ನೋಡಮು.”

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಊರಲ್ಲಿ ಯಾರು ಸತ್ತರೂ ಮೊದಲು ಬಂದು ನಿಲ್ಲುವುದು ಅವರ ಟ್ರ್ಯಾಕ್ಟರು. ಶವಪೆಟ್ಟಿಗೆಯ ದುಡ್ಡು ಕಡಿಮೆ ಬಿದ್ದರೆ ಕಿಸೆಯಿಂದ ಹಾಕುತ್ತಾರೆ, ವಾಪಸ್ ಕೇಳುವುದಿಲ್ಲ, ಯಾರೊಂದಿಗೂ ಹೇಳುವುದಿಲ್ಲ. ಅದನ್ನು ಅವರು ದಾನದ ಲೆಕ್ಕಕ್ಕೆ ಹಿಡಿದೇ ಇಲ್ಲ, ಮನೆತನದ ಕೆಲಸ ಎಂದುಕೊಂಡಿದ್ದಾರೆ.

ಕಳೆದ ಮಳೆಗಾಲದಲ್ಲಿ ಚರ್ಚಿನ ಹೊರಗೋಡೆಯ ಮೀಟರಿನ ಮರದ ಹಲಗೆ ಕೊಳೆತು ಬಿತ್ತು. ಹೊಸ ಕಬ್ಬಿಣದ ಪೆಟ್ಟಿಗೆ ಬೇಕು ಎಂದು ಪಾಸ್ಟರ್ ಪ್ರಕಟಿಸುವಾಗ, “ರಸ್ತೆಗೆ ಕಾಣುವ ಹಾಗೆ ಇರುತ್ತದೆ” ಎಂದು ಒಂದು ಮಾತು ಸೇರಿಸಿದರು. ಅದು ಮುಗ್ಧತೆಯೋ ಜಾಣತನವೋ ನನಗೆ ಇಂದಿಗೂ ಗೊತ್ತಾಗಿಲ್ಲ. ಮುಂದಿನ ಭಾನುವಾರದೊಳಗೆ ಪೆಟ್ಟಿಗೆ ಬಂತು. ಅದರ ಮುಚ್ಚಳದ ಮೇಲೆ, ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ, ಅಂಗೈಯಗಲದ ಅಕ್ಷರದಲ್ಲಿ ಹೆಸರು, ತಂದೆಯ ಹೆಸರು, ಮನೆ ನಂಬರು.

ಅದೇ ತಿಂಗಳು ಊರಿಗೆ ಹೊಸ ಲೈನ್‌ಮನ್ ಬಂದ. ಜೋಳದ ಬೆಲೆ ಬಿದ್ದದ್ದರಿಂದ ಡ್ರಮ್ಮು ಮಾರದೆ ಹಾಗೇ ಇತ್ತು, ಮೂರು ತಿಂಗಳ ಬಿಲ್ಲು ನಿಂತಿತ್ತು. ಫ್ಯೂಸು ಕೀಳಲು ಬಂದವನು ಪೆಟ್ಟಿಗೆಯ ಮೇಲಿನದನ್ನು ಓದಿದ. ಕನೆಕ್ಷನ್ ಯಾರದೆಂದು ಇಷ್ಟು ಸ್ಪಷ್ಟವಾಗಿ ಬರೆದವರನ್ನು ಅವನು ತನ್ನ ನೌಕರಿಯಲ್ಲೇ ನೋಡಿರಲಿಲ್ಲ. ಸೀದಾ ಮನೆ ನಂಬರು ಹುಡುಕಿಕೊಂಡು ಹೋಗಿ, ಕಟ್ಟೆಯ ಮೇಲೆ ಕೂತಿದ್ದ ಟ್ಯೂಬ್‌ಲೈಟ್ ದಾನಿಗಳ ಎದುರಿಗೇ ಬಿಲ್ಲು ಚಾಚಿದ. ನಮ್ಮ ದಾನಿಗಳಿಗೆ ಆ ಪೆಟ್ಟಿಗೆ ತಮ್ಮದಲ್ಲ ಎನ್ನುವುದು ಸಾಧ್ಯವೇ? ಒಳಗೆ ಹೋಗಿ ದುಡ್ಡು ತಂದು ಎಣಿಸಿದರು. ಭಾನುವಾರ ರಸೀದಿಯನ್ನು ಎರಡೂ ಭಾಷೆಯಲ್ಲಿ ಓದಿಸಿದರು, ಅದು ಬೇರೆ ಮಾತು.

ಆವತ್ತಿನಿಂದ ಲೈನ್‌ಮನ್ ಚರ್ಚಿನ ಕಡೆ ತಲೆ ಹಾಕುವುದಿಲ್ಲ, ಪ್ರತಿ ತಿಂಗಳೂ ಬಿಲ್ಲನ್ನು ಅವರ ಮನೆಗೇ ಕೊಟ್ಟು ಹೋಗುತ್ತಾನೆ. ದಾನಿಗಳು ಪೇಂಟರನ್ನು ಕರೆಸಿ ಮುಚ್ಚಳ ತೋರಿಸಿದ್ದಾರೆ. ಬರೆದದ್ದಕ್ಕಿಂತ ಅಳಿಸುವ ರೇಟು ಜಾಸ್ತಿ ಎಂದನಂತೆ ಅವನು. ಚೌಕಾಸಿ ನಡೆದಿದೆ.