ಕ್ಯಾರವಾನ್ ತರ್ಕಸಂಗ್ರಹ: ಓಕಳಿಪುರಂ ಪ್ರಕರಣ

ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿಗೆ ಆಟೋದವರು ಬರಲೊಪ್ಪದಷ್ಟು ಹತ್ತಿರ. ಇಷ್ಟು ಹತ್ತಿರವಿದ್ದೂ ಗೌತಮನ ನ್ಯಾಯಶಾಸ್ತ್ರ ಒಮ್ಮೆಯಾದರೂ ರಸ್ತೆ ದಾಟಿ ಬಂದು ಒಂದು ಫ್ಯಾನ್ ಬೆಲ್ಟ್ ಕೊಂಡದ್ದಕ್ಕೆ ಆಧಾರ ಸಿಕ್ಕುವುದಿಲ್ಲ. ಪಂಡಿತರು ಶತಮಾನಗಟ್ಟಲೆ ಬೆಟ್ಟದ ಮೇಲಿನ ಹೊಗೆಯನ್ನೇ ನೋಡುತ್ತ ಕುಳಿತರು. ಸೈಲೆನ್ಸರಿನ ಹೊಗೆಯನ್ನು ಮೆಕ್ಯಾನಿಕ್ಕಿಗೆ ಬಿಟ್ಟುಕೊಟ್ಟರು. ಈ ಕೊರತೆ ನೀಗುವುದೇ ಪ್ರಸ್ತುತ ಪ್ರಕರಣದ ಪ್ರಯೋಜನ. ವಿಷಯ, ಕ್ಯಾರವಾನ್. ಅಧಿಕಾರಿ, ಅದನ್ನು ಇಟ್ಟುಕೊಂಡವನು ಅಥವಾ ಇಟ್ಟುಕೊಳ್ಳುವ ಆಸೆಯುಳ್ಳವನು. ಸಂಬಂಧ, ಅವನು ಅಂಗಡಿಯಲ್ಲಿ ಬರೆಸಿರುವ ಸಾಲ. ಪ್ರತಿಜ್ಞೆ ಇಷ್ಟೆ: ಕ್ಯಾರವಾನಿನಲ್ಲಿ ಮೊದಲು ಕೆಡುವುದು ಯಜಮಾನನ ತರ್ಕ; ಕಾರಣ ಸಿದ್ಧವಾಗುವ ಮುನ್ನ ಕೊಂಡ ಪಾರ್ಟು ಎಷ್ಟೇ ಒರಿಜಿನಲ್ ಆಗಿರಲಿ, ಶಾಸ್ತ್ರದ ಪ್ರಕಾರ ಅದು ಡೂಪ್ಲಿಕೇಟೇ.

ಇದಕ್ಕೆ ಓಕಳಿಪುರಂ ಏಕೆ ಎಂಬ ಸಂಶಯ ಸಹಜ. ಮಗ್ಗುಲಲ್ಲೇ ಗಾಂಧಿನಗರವಿದೆ, ಕ್ಯಾರವಾನ್ ಎಂದರೇನೆಂದು ಕನ್ನಡಿಗರು ಬಲ್ಲದ್ದೇ ಸಿನಿಮಾದವರಿಂದ. ಮೇಲೆ ರೈಲು ಹಳಿ, ಕೆಳಗೆ ಅಂಡರ್‌ಪಾಸು. ಸಂಜೆಯ ಹೊತ್ತು ಮೆಜೆಸ್ಟಿಕ್ ಕಡೆ ಮುಖ ಮಾಡಿ ಇಲ್ಲಿ ನಿಂತ ಕ್ಯಾರವಾನಿನಲ್ಲಿ ಎಂಜಿನ್ ಓಡುತ್ತಿರುತ್ತದೆ, ಗಾಡಿ ಓಡುವುದಿಲ್ಲ; ವಾಹನವೊಂದು ಮನೆಯಾಗಿ ಪರಿಪೂರ್ಣತೆ ಪಡೆಯುವುದು ಆಗಲೇ. ಎದುರುಗಾಳಿಯಿಲ್ಲದೆ ರೇಡಿಯೇಟರ್ ಬರೀ ಫ್ಯಾನನ್ನೇ ನಂಬಿ ಬದುಕಬೇಕಾದ್ದರಿಂದ ಹೈವೇಯಲ್ಲಿ ಅಡಗಿದ್ದ ದೋಷ ಇಲ್ಲಿ ಹೊರಬೀಳುತ್ತದೆ. ಓಡುವಾಗ ತಣ್ಣಗಿದ್ದು ನಿಂತೊಡನೆ ಮುಳ್ಳು ಮೇಲೇರಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗಲೂ ಏರಿದರೆ ಕಟ್ಟಿಕೊಂಡ ರೇಡಿಯೇಟರಿನ ಮೇಲೋ ತೆರೆಯದ ಥರ್ಮೋಸ್ಟಾಟಿನ ಮೇಲೋ. ಇನ್ನು ತಾರ್ಕಿಕರ ಹಳೆಯ ಉದಾಹರಣೆಯನ್ನು ನೋಡಿ. ಹೊಗೆ ಕಂಡ ಬೆಟ್ಟದಲ್ಲಿ ಬೆಂಕಿಯಿದೆ, ಅಡುಗೆಮನೆಯಲ್ಲಿ ಇರುವಂತೆ, ಕೆರೆಯಲ್ಲಿ ಇಲ್ಲದಂತೆ. ಇದನ್ನು ಪರೀಕ್ಷಿಸಲು ಪ್ರಾಚೀನರು ಮೂರು ಕಡೆ ಅಲೆಯಬೇಕಿತ್ತು. ಕ್ಯಾರವಾನಿನಲ್ಲಿ ಮೂರೂ ಒಂದೇ ಷಾಸಿಯ ಮೇಲಿವೆ: ಮುಂದೆ ಎಂಜಿನ್ ಎಂಬ ಬೆಟ್ಟ, ಹಿಂದೆ ಗ್ಯಾಸ್ ಒಲೆಯ ಅಡುಗೆಮನೆ, ಸೀಟಿನಡಿ ಟ್ಯಾಂಕೆಂಬ ಕೆರೆ. ಜೋರು ಮಳೆ ಬಂದರೆ ಅಂಡರ್‌ಪಾಸು ಎರಡನೆಯ ಕೆರೆಯನ್ನೂ ಒದಗಿಸುತ್ತದೆ. ಗೌತಮನಿಗೆ ಇಷ್ಟು ಅನುಕೂಲ ಇರಲಿಲ್ಲ.

ಹೊಗೆಯ ವಿಷಯದಲ್ಲಂತೂ ಪ್ರಾಚೀನರು ಅರ್ಧ ದಾರಿಗೇ ನಿಂತರು. ಹೊಗೆಯಿದ್ದಲ್ಲಿ ಬೆಂಕಿ ಎಂದರೇ ಹೊರತು ಯಾವ ಬಣ್ಣದ ಹೊಗೆ ಎಂದು ಕೇಳಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿಯಿರುವುದು ಗೊತ್ತಿದ್ದದ್ದೇ. ತಿಳಿಯಬೇಕಾದ್ದು ಆ ಬೆಂಕಿ ಏನನ್ನು ತಿನ್ನುತ್ತಿದೆ ಎಂಬುದು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ; ಇಂಜೆಕ್ಟರನ್ನು ದೂರುವ ಮುನ್ನ ಏರ್ ಫಿಲ್ಟರ್ ಬಿಚ್ಚಿ ನೋಡಬೇಕು. ನೀಲಿಯಾದರೆ ಸುಡುತ್ತಿರುವುದು ಎಂಜಿನ್ ಆಯಿಲ್. ರಿಂಗು, ವಾಲ್ವ್ ಸೀಲು, ಟರ್ಬೋ ಸೀಲು ಇವುಗಳಲ್ಲೊಂದು ಸೋತಿದೆ. ಬಿಳಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ಹೋದರೆ ಪೂರ್ತಿ ಉರಿಯದ ಡೀಸೆಲ್ಲು. ಎಂಜಿನ್ ಬಿಸಿಯಾದ ಮೇಲೂ ಬರುತ್ತ, ಕೂಲೆಂಟ್ ತಾನಾಗಿ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು. ಒಗ್ಗರಣೆ ವಾಸನೆಯಿದ್ದರೆ ಮಾತ್ರ ಬೆಟ್ಟ ನಿರ್ದೋಷಿ.

ಕಾಸು ಪೋಲಾಗುವುದು ಹೇತ್ವಾಭಾಸಗಳಲ್ಲಿ, ಅಂದರೆ ಕಾರಣದಂತೆ ಕಂಡು ಕೈಕೊಡುವ ಹುಸಿ ಕಾರಣಗಳಲ್ಲಿ. 17ನೇ ಶತಮಾನದ ಅನ್ನಂಭಟ್ಟ ಇವನ್ನು ಐದೆಂದು ಎಣಿಸಿದ, ಐದೂ ಜೆ.ಸಿ. ರಸ್ತೆಯಲ್ಲಿ ಸ್ಟಾಕ್ ಇವೆ. ಮೊದಲನೆಯದು ಸವ್ಯಭಿಚಾರ, ಒಂದೇ ಲಕ್ಷಣ ಹಲವು ಕಾರಣಗಳ ಜೊತೆ ಸಂಸಾರ ಮಾಡುವುದು. ಚಟ್ನಿಗೆಂದು 750 ವಾಟಿನ ಮಿಕ್ಸಿ ಹಾಕಿದೊಡನೆ ಇನ್ವರ್ಟರ್ ಕಿರುಚಿ ನಿಲ್ಲುತ್ತದೆ. ಯಜಮಾನ ಹೊಸ ಇನ್ವರ್ಟರ್ ತರುತ್ತಾನೆ. 12 ವೋಲ್ಟಿನ ಬ್ಯಾಟರಿಯಿಂದ ಆ ಮಿಕ್ಸಿ 60 ಆಂಪಿಯರಿಗೂ ಮೇಲೆ ಎಳೆಯುತ್ತದೆ. ತೆಳ್ಳನೆ ವೈರು, ಸಡಿಲ ಟರ್ಮಿನಲ್, ಮುಪ್ಪಾದ ಬ್ಯಾಟರಿ ಯಾವುದಿದ್ದರೂ ಕಿರುಚುವುದು ಇನ್ವರ್ಟರೇ. ಎರಡನೆಯದು ವಿರುದ್ಧ: 15 ಆಂಪಿಯರ್ ಫ್ಯೂಸು ಪದೇ ಪದೇ ಹೋಗುತ್ತಿದೆ, ಆದ್ದರಿಂದ 30ರದ್ದು ಹಾಕೋಣ. ಫ್ಯೂಸು ಸತ್ತದ್ದು ವೈರನ್ನು ಉಳಿಸಲು. ಅದರ ಸಾವು ಸಾಧಿಸುವುದು ಯಜಮಾನನ ಮಾತಿನ ತದ್ವಿರುದ್ಧವನ್ನು. ಮೂರನೆಯದು ಸತ್ಪ್ರತಿಪಕ್ಷ: ಗೇರ್ ಬೀಳುತ್ತಿಲ್ಲ, ಒಬ್ಬ ಮೇಸ್ತ್ರಿ ಕ್ಲಚ್ ಎನ್ನುತ್ತಾನೆ, ಇನ್ನೊಬ್ಬ ಗೇರ್‌ಬಾಕ್ಸ್ ಎನ್ನುತ್ತಾನೆ, ಇಬ್ಬರ ಮೀಸೆಯೂ ಸಮ. ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿದರೆ ವಾದ ಮುಗಿಯುತ್ತದೆ. ಆಗ ಸಲೀಸಾಗಿ ಬಿದ್ದರೆ ಕ್ಲಚ್ ಬಿಡುತ್ತಿಲ್ಲ, ಆಗಲೂ ಬೀಳದಿದ್ದರೆ ಗೇರ್‌ಬಾಕ್ಸೋ ಅದರ ಲಿಂಕೇಜೋ. ನಾಲ್ಕನೆಯದು ಅಸಿದ್ಧ, ಇಲ್ಲದ ವಸ್ತುವಿನ ಗುಣಗಾನ. ಗ್ರಂಥಗಳಲ್ಲಿ ಇದಕ್ಕೆ ಆಕಾಶದ ತಾವರೆಯ ಪರಿಮಳ ಉದಾಹರಣೆ. ನಮ್ಮಲ್ಲಿ ಅರ್ಧ ರೇಟಿನ ಕಂಪನಿ ಐಟಂ. ಐದನೆಯದು ಬಾಧಿತ, ಕಣ್ಣೆದುರಿನ ಸಾಕ್ಷಿಗೇ ಬಿದ್ದುಹೋಗುವ ವಾದ. ಟೈರಿನ ಗುಂಡಿ ಇನ್ನೂ ಆಳವಾಗಿದೆ, ಆದ್ದರಿಂದ ಟೈರು ಹೊಸದು ಎಂದು ಯಜಮಾನ ಸಾಧಿಸುತ್ತಿರುವಾಗ ಟೈರಿನ ಪಕ್ಕದ ಗೋಡೆಯ ಮೇಲೆ 0914 ಎಂಬ ನಾಲ್ಕಂಕಿ ತಣ್ಣಗೆ ಕುಳಿತಿರುತ್ತದೆ: 2014ರ ಒಂಬತ್ತನೇ ವಾರ. ವರ್ಷದ ಬಹುಪಾಲು ನಿಂತೇ ಇರುವ ಕ್ಯಾರವಾನಿನ ಟೈರು ಸವೆದು ಸಾಯುವುದಿಲ್ಲ, ವಯಸ್ಸಾಗಿ ಬಿರುಕುಬಿಟ್ಟು ಸಾಯುತ್ತದೆ.

ಸಿದ್ಧಾಂತವಿದು. ಪಾರ್ಟು ಕೊಳ್ಳುವ ಮುನ್ನ ಅನ್ವಯ-ವ್ಯತಿರೇಕ ನಡೆಯಬೇಕು. ಕಾರಣವಿದ್ದಾಗ ದೋಷವಿರಬೇಕು, ಕಾರಣ ಹೋದಾಗ ದೋಷವೂ ಹೋಗಬೇಕು. ಒಂದು ರಿಲೇ ಮೇಲೆ ಗುಮಾನಿಯೇ? ಪಕ್ಕದಲ್ಲಿರುವ ಅದೇ ನಂಬರಿನ ಹಾರ್ನ್ ರಿಲೇಯೊಡನೆ ಅದಲುಬದಲು ಮಾಡಿ. ಹಾರ್ನ್ ಮೂಕವಾದರೆ ಅಪರಾಧಿ ಸಿಕ್ಕ; ಹಾರ್ನ್ ಎಂದಿನಂತೆ ಅರಚಿದರೆ ರಿಲೇ ಅಂಗಡಿಗೆ ಹೋಗುವ ಪ್ರಮೇಯವಿಲ್ಲ. ರಾತ್ರಿ ಯಾರೂ ನಲ್ಲಿ ತಿರುಗಿಸದಿದ್ದರೂ ನೀರಿನ ಪಂಪು ಆಗಾಗ ಟುರ್ರೆನ್ನುತ್ತದೆಯೇ? ಪಂಪಿನಾಚೆಯ ವಾಲ್ವ್ ಮುಚ್ಚಿ. ಟುರ್ರೆನ್ನುವುದು ನಿಂತರೆ ಸೋರಿಕೆ ಮುಂದಿನ ಪೈಪಿನಲ್ಲಿ; ನಿಲ್ಲದಿದ್ದರೆ ಪಂಪಿನೊಳಗೇ. ಈ ಎರಡು ಪ್ರಯೋಗಕ್ಕೂ ಖರ್ಚು ಸೊನ್ನೆ, ಆದ್ದರಿಂದಲೇ ಇವಕ್ಕೆ ಸಮಾಜದಲ್ಲಿ ಮರ್ಯಾದೆಯಿಲ್ಲ.

ಕಾರಣ ಸಿದ್ಧವಾದ ಮೇಲೆ ಆಯ್ಕೆಯ ಪ್ರಶ್ನೆ. ಇಲ್ಲಿ ಲೋಕ ನಂಬಿರುವುದು ಉಪಮಾನ ಪ್ರಮಾಣವನ್ನು: ಹಳೇ ಪಾರ್ಟನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಒಯ್ದು ‘ಇದೇ ಥರದ್ದು ಕೊಡಿ’ ಎನ್ನುವುದು. ಥರ ಎಂಬುದು ಮೋಸದ ಪದಾರ್ಥ. 6203 ಮತ್ತು 6303 ಬೇರಿಂಗುಗಳೆರಡರ ಒಳವ್ಯಾಸವೂ 17 ಮಿಲಿಮೀಟರ್. ಶಾಫ್ಟು ಎರಡನ್ನೂ ಅಳಿಯನಂತೆ ಬರಮಾಡಿಕೊಳ್ಳುತ್ತದೆ. ಹೊರವ್ಯಾಸ ಒಂದಕ್ಕೆ 40, ಇನ್ನೊಂದಕ್ಕೆ 47. ಮನೆಯೊಳಗೆ ಕೂರಿಸುವಾಗ ಜಗಳ ಶುರು. ಆದ್ದರಿಂದ ಬೇರಿಂಗಿಗೆ ಅದರ ಮೈಮೇಲಿನ ನಂಬರು, ಎಂಜಿನ್ ಪಾರ್ಟಿಗೆ ಷಾಸಿ ನಂಬರು ಹಿಡಿದು ತೆಗೆದ ಪಾರ್ಟ್ ನಂಬರು, ಇವೇ ಆಪ್ತವಾಕ್ಯ. ಬ್ರೇಕು, ಸ್ಟೀರಿಂಗು, ಗ್ಯಾಸ್ ರೆಗ್ಯುಲೇಟರುಗಳಲ್ಲಿ ಲೋಕಲ್ ಮಾಲು ನಿಷಿದ್ಧ. ಪರದೆಯ ಕೊಕ್ಕೆಗೆ ವಿಧಿನಿಷೇಧವಿಲ್ಲ. ಸಿಕ್ಕದ್ದನ್ನೆಲ್ಲ ಬೆಸೆದು ಗಾಡಿಯ ರೂಪವನ್ನೇ ಬದಲಿಸುವೆನೆಂಬವನಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪಾರಾಯಣ ವಿಹಿತ. ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ತಾಳೆಯಾಗಬೇಕೆಂಬುದು ಅದರ ತಾತ್ಪರ್ಯ.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ಓಕಳಿಪುರದಲ್ಲಿ ಮನೆ ಮುಂದೆ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಕ್ಯಾರವಾನ್ ಎಲ್ಲಿಂದ ಬಂತು ಎನ್ನುತ್ತಾರೆ. ಸಮಾಧಾನ: ತರ್ಕದ ಬೆಟ್ಟವನ್ನೂ ಯಾರೂ ಹತ್ತಿದವರಿಲ್ಲ. ಹತ್ತಿದ್ದರೆ ಅನುಮಾನ ಪ್ರಮಾಣವೇ ಬೇಕಿರಲಿಲ್ಲ. ಅನುಭವಸ್ಥ ಮೇಸ್ತ್ರಿಗೆ ಈ ಶಾಸ್ತ್ರವೆಲ್ಲ ಏತಕ್ಕೆ ಎನ್ನುತ್ತಾರೆ. ಅವನು ನೂರಾರು ಗಾಡಿಗಳಲ್ಲಿ ಕಂಡ ವ್ಯಾಪ್ತಿಯನ್ನೇ, ಅಂದರೆ ಲಕ್ಷಣಕ್ಕೂ ಕಾರಣಕ್ಕೂ ಇರುವ ಬಿಡದ ನಂಟನ್ನೇ, ಕಿವಿಯಲ್ಲಿಟ್ಟುಕೊಂಡಿದ್ದಾನೆ, ಹೆಸರಿಟ್ಟಿಲ್ಲ ಅಷ್ಟೆ. ಶಾಸ್ತ್ರ ಬೇಕಿರುವುದು ‘ಬ್ಯಾಟರಿ ಚೇಂಜ್ ಮಾಡ್ಬಿಡಿ’ ಎಂದು ಮೇಸ್ತ್ರಿಗೆ ಆಜ್ಞೆ ಮಾಡುವವನಿಗೆ. ಕೊನೆಯ ಆಕ್ಷೇಪವೇ ಗಟ್ಟಿ: ಅನುಮಾನ ಬಂದ ಮೂರು ಪಾರ್ಟನ್ನೂ ಒಟ್ಟಿಗೆ ಬದಲಾಯಿಸಿದರೆ ತಲೆನೋವು ತೀರಿತಲ್ಲ? ಗಾಡಿಯ ತಲೆನೋವು ತೀರಬಹುದು. ಆದರೆ ಮೂರರಲ್ಲಿ ತಪ್ಪಿತಸ್ಥ ಯಾವುದೆಂದು ತಿಳಿಯದೆ ಮೂರೂ ಗುಜರಿಗೆ ಹೋದವು. ಅದೇ ದೋಷ ಮುಂದಿನ ಸಲ ಬಂದಾಗ ಯಜಮಾನನ ಜ್ಞಾನ ಹಿಂದಿನಷ್ಟೇ ಇರುತ್ತದೆ, ಬಿಲ್ಲು ಮಾತ್ರ ಬೆಳೆದಿರುತ್ತದೆ.

ಗ್ರಂಥಕ್ಕೆ ಫಲಶ್ರುತಿ ಇರಲೇಬೇಕು. ಈ ಪ್ರಕರಣವನ್ನು ಪಠಿಸಿ ಮಲ್ಟಿಮೀಟರ್ ಕೊಂಡವನಿಗೆ ಅನಗತ್ಯ ಬ್ಯಾಟರಿ ಪ್ರಾಪ್ತಿಯಾಗುವುದಿಲ್ಲ. ಓದಿಯೂ ಮೂರು ಪಾರ್ಟು ಒಟ್ಟಿಗೆ ಕೊಳ್ಳುವವನನ್ನು ಜೆ.ಸಿ. ರಸ್ತೆಯಲ್ಲಿ ಎರಡು ಸ್ಟೂಲು ಸರಿಸಿ ಕೂರಿಸಿ, ಬೈಟು ಕಾಫಿಯಲ್ಲ, ಫುಲ್ ಕಾಫಿಯನ್ನೇ ತರಿಸಿಕೊಡುತ್ತಾರೆ.